ಕಾಕಾ ನೀರು ಮರೆತ ದಿನ

ನಮ್ಮ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ನೀರು ಕುಡಿಯುತ್ತಿದ್ದದ್ದು ಕಾರು. ಕರಜಗಿಯ ಆ ಮಣ್ಣಿನ ಮಾಳಿಗೆಯ ಮನೆಗೆ ದೊಡ್ಡ ಬಾಗಿಲು ದಾಟಿದರೆ ಅಂಗಳ, ಅಂಗಳದ ಎಡಕ್ಕೆ ದನದ ಕೊಟ್ಟಿಗೆ. ಕೊಟ್ಟಿಗೆಯ ಅರ್ಧಕ್ಕೆ ತಗಡು ಹೊಡೆದು ಕಾರಿಗೆ ಜಾಗ ಮಾಡಿದ್ದರು. ಸೊಲ್ಲಾಪುರದ ಒಬ್ಬ ಡಾಕ್ಟರರು ಓಡಿಸಿ ಬಿಟ್ಟಿದ್ದ ಹಳೆಯ ಬಿಳಿ ಕಾರು ಅದು. ಕೊಂಡವನು ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ. ಅದನ್ನು ಓಡಿಸುತ್ತಿದ್ದವನು, ತೊಳೆಯುತ್ತಿದ್ದವನು, ಅದರ ಜೊತೆ ಮಾತಾಡುತ್ತಿದ್ದವನು ಅಪ್ಪನ ತಮ್ಮ ಗುರುಪಾದ ಕಾಕಾ. ಎದ್ದು ಮುಖ ತೊಳೆಯುವ ಮೊದಲೇ ಹಿತ್ತಾಳೆ ತಂಬಿಗೆ ಹಿಡಿದು ಹೋಗಿ ಬಾನೆಟ್ ಎತ್ತಿ, ರೇಡಿಯೇಟರಿನ ಮುಚ್ಚಳ ತೆಗೆದು, ಕತ್ತಿನ ಮಟ್ಟಕ್ಕೆ ಬರುವವರೆಗೂ ನೀರು ಹಾಕುತ್ತಿದ್ದ. ಆಗಲೇ ಅವ್ವ ಅಡುಗೆಮನೆಯಿಂದ ಚಹಾ ಆರುತ್ತಿದೆ ಎಂದು ಕೂಗುವಳು. ಅತ್ತಿಗೆಗೆ ಕಾಕಾನ ಉತ್ತರವೂ ದಿನಾ ಅದೇ.

"ಮೊದಲ ಇದಕ್ಕ ನೀರ, ಆಮ್ಯಾಲ ನನಗ ಚಾ, ವೈನಿ."

ಕಾಕಾ ಆ ಕಾರಿನಲ್ಲಿ ಬಾಡಿಗೆ ಹೊಡೆಯುತ್ತಿದ್ದ. ಬಸುರಿಯರು, ಬೀಗರು, ಅಕ್ಕಲಕೋಟೆಗೆ ದರ್ಶನಕ್ಕೆ ಬರುವ ಸೊಲ್ಲಾಪುರದವರು, ಎಲ್ಲರಿಗೂ ಗುರುಪಾದನ ಗಾಡಿಯೇ ಬೇಕು. ಅವನ ನಿಧಾನಕ್ಕೆ ಊರ ಹುಡುಗರು ನಗುತ್ತಿದ್ದರು, ಆದರೆ ತಮ್ಮ ತಾಯಂದಿರನ್ನು ಕಳಿಸುವಾಗ ಅವನನ್ನೇ ಹುಡುಕುತ್ತಿದ್ದರು. ನನಗೆ ಅವನು ಒಂದು ಆಟ ಕಲಿಸಿದ್ದ. ಎಂಜಿನ್ ಚಾಲೂ ಇಟ್ಟು ರೇಡಿಯೇಟರಿನ ಮುಂದೆ ಒಂದು ಎಲೆ ಹಿಡಿದು ಬಿಡಬೇಕು. ಹಿಂದೆ ತಿರುಗುವ ಫ್ಯಾನು ಗಾಳಿ ಎಳೆಯುವುದರಿಂದ ಎಲೆ ಟಪ್ ಎಂದು ಹೋಗಿ ಅಂಟಿಕೊಳ್ಳುತ್ತಿತ್ತು. ಅಂಟಿದ ಎಲೆಯನ್ನು ನಾನು ಕಿತ್ತು ಮತ್ತೆ ಬಿಡುತ್ತಿದ್ದೆ, ಅದು ಮತ್ತೆ ಅಂಟುತ್ತಿತ್ತು.

"ನೋಡ ಸಾವಿ, ಗಾಡಿ ಉಸರ ತಗೋತದ. ನೀರಿಗಿಂತಾ ಅದಕ್ಕ ಉಸರ ದೊಡ್ಡದು. ಎಲಿ ಅಂಟಲಿಲ್ಲಂದ್ರ ಉಸರ ಕಟ್ಯಾದ ಅಂತ ತಿಳಿ."

ಇನ್ನೊಂದು ಪದ್ಧತಿಯನ್ನೂ ಇಲ್ಲಿಯೇ ಹೇಳಬೇಕು. ಅವ್ವ ಮುತ್ಯಾನ ಎದುರು ಬಾಯಿ ಬಿಟ್ಟವಳಲ್ಲ. ಆ ಕಾಲದ ಸೊಸೆಯರು ಯಾರೂ ಬಿಡುತ್ತಿರಲಿಲ್ಲ. ಏನೇ ಹೇಳಬೇಕಾದರೂ ತಲೆಯ ಸೆರಗು ಮುಂದಕ್ಕೆಳೆದು ನನ್ನ ಕಡೆ ತಿರುಗಿ, "ಸಾವಿ, ಮುತ್ಯಾಗ ಹೇಳು, ಊಟಕ್ಕ ಹಾಕೀನಿ ಅಂತ" ಎನ್ನುವಳು. ಮುತ್ಯಾ ಅಲ್ಲೇ ಕೈಗೆಟುಕುವಷ್ಟು ಹತ್ತಿರ ಕುಳಿತಿರುವನು. ಆದರೂ ಅದು ನನ್ನ ಬಾಯಿಂದ ಬರುವವರೆಗೆ ಕಿವುಡನ ಹಾಗೆ ಪಡಸಾಲೆಯ ಕಂಬ ನೋಡುತ್ತ ಇರುವನು. ನಾನು ಹೇಳಿದ ಮೇಲೆ, "ಬಂದೆ ಅನ್ನು" ಎನ್ನುವನು. ಅವ್ವ ಅದನ್ನು ಕೇಳಿಸಿಕೊಂಡಿದ್ದರೂ ನಾನು ಮತ್ತೆ ಅವಳಿಗೆ ಒಪ್ಪಿಸಬೇಕು. ಇಬ್ಬರ ನಡುವೆ ಟಪಾಲು ಹೊರುವ ಈ ಕೆಲಸದ ಬಗ್ಗೆ ನನಗೆ ಬಹಳ ಜಂಬವಿತ್ತು. ಜಗಳವಾದಾಗ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ದಾಟಿಸುವುದನ್ನೂ ಕಲಿತಿದ್ದೆ. ಮೆತ್ತಗೆ ಮಾಡುತ್ತ ಮಾಡುತ್ತ ಮಾತನ್ನೇ ನುಂಗಿಬಿಡುವ ಗುಣ ನನಗೆ ಅಲ್ಲಿಂದಲೇ ಬಂದಿರಬೇಕು.

ಕಾಕಾನಿಗೆ ಹೆಣ್ಣು ಗೊತ್ತಾದದ್ದೂ ಕಾರಿನಿಂದಲೇ. ಸೊಲ್ಲಾಪುರದ ಗಿರಣಿಯಲ್ಲಿ ಗುಮಾಸ್ತರಾಗಿದ್ದ ಒಬ್ಬರು ಮನೆಮಂದಿಯೊಂದಿಗೆ ಅಕ್ಕಲಕೋಟೆಗೆ ಅವನ ಗಾಡಿಯಲ್ಲಿ ಬಂದಿದ್ದರು. ಉರಿಬಿಸಿಲಲ್ಲಿ ಗಾಡಿ ನಿಲ್ಲಿಸಿ, ತನ್ನ ಗಂಟಲು ಒಣಗಿದ್ದರೂ ಮೊದಲು ರೇಡಿಯೇಟರಿಗೆ ನೀರು ಹಾಕಿ ಆಮೇಲೆ ಉಳಿದದ್ದನ್ನು ಕುಡಿದವನನ್ನು ನೋಡಿ ಅವರು ಮಗಳನ್ನು ಕೊಡಲು ಮನಸ್ಸು ಮಾಡಿದರಂತೆ. ಗಾಡಿಯನ್ನೇ ಇಷ್ಟು ಜೋಪಾನ ಮಾಡುವವನು ಹೆಂಡತಿಯನ್ನು ಇನ್ನೆಷ್ಟು ಚೆನ್ನಾಗಿ ನೋಡಿಕೊಂಡಾನು ಎಂದು ಅವರು ಹೇಳಿದ ಮಾತು ನಮ್ಮ ಮನೆಯಲ್ಲಿ ಒಂದು ತಿಂಗಳು ಓಡಾಡಿತು. ಕಾಕಾ ಆ ಹುಡುಗಿಯನ್ನು ಗಾಡಿಯ ಕನ್ನಡಿಯಲ್ಲಿ ನೋಡಿದ್ದ, ಅಷ್ಟೆ. ಅಷ್ಟಕ್ಕೇ ಹಿಂದಿನ ಸೀಟಿಗೆ ಹೊಸ ಸೊಲ್ಲಾಪುರದ ಚಾದರ ಹಾಸಿ, ಅದರ ಮೇಲೆ ಯಾರೂ ಕೂರದಂತೆ ಕಾಯತೊಡಗಿದ. ಸಕ್ಕರೆ ಪೊಟ್ಟಣ ಬದಲಾಯಿಸಿ ಮಾತು ಗಟ್ಟಿ ಮಾಡುವ ಸಾಕರಪುಡಾಕ್ಕೆ ಮಧ್ಯಾಹ್ನದ ಮುಹೂರ್ತ ಸಿಕ್ಕಿತು.

ಅದರ ಹಿಂದಿನ ದಿನ ನಡೆದದ್ದನ್ನು ಬರೆಯಲು ಕುಳಿತರೆ ಇವತ್ತಿಗೂ ಬೆರಳಿಗೆ ಮುಳ್ಳು ಚುಚ್ಚಿದಂತಾಗುತ್ತದೆ. ಜೋಳದ ಹೊಲದಲ್ಲಿ ನಡುನಡುವೆ ಹಾಕುವ ಅಕ್ಕಡಿ ಸಾಲಿನ ಬೆಳೆ ನಮ್ಮ ಕಡೆ ಹೆಂಗಸರದು. ಆ ವರ್ಷ ಅವ್ವ ಕುಸುಬಿ ಹಾಕಿಸಿದ್ದಳು. ಅದರ ಎಣ್ಣೆ ತೆಗೆಸಿ ಕಾಕಾನ ಮದುವೆಯ ಕರಿದ ಅಡುಗೆಗೆಲ್ಲ ತಾನೇ ಕೊಡಬೇಕೆಂಬುದು ಅವಳ ಆಸೆ. ಆದರೆ ಕುಸುಬಿ ಮೈತುಂಬ ಮುಳ್ಳು. ಎತ್ತು ಅದನ್ನು ತುಳಿಯುವುದಿಲ್ಲ, ಆಳು ಅದನ್ನು ಬಡಿಯಲು ಬರುವುದಿಲ್ಲ. ಡಾಂಬರು ರಸ್ತೆಯ ಮೇಲೆ ರೈತರು ಹುರುಳಿ ಹರವಿ ಎಸ್‌ಟಿ ಬಸ್ಸಿನಿಂದ ತುಳಿಸುವುದನ್ನು ಅವಳು ನೋಡಿದ್ದಳು. ಮುತ್ಯಾ ಮತ್ತು ಅಪ್ಪ ಕುಪ್ಪಸದ ಖಣ, ಹಣ್ಣು ತರಲು ಅಕ್ಕಲಕೋಟೆಗೆ ಬಸ್ಸಿನಲ್ಲಿ ಹೋದದ್ದೇ ತಡ, ಕಾಕಾನನ್ನು ಹಿಡಿದಳು.

"ಗುರುಪಾದ, ಕಣದಾಗ ಕುಸುಬಿ ಹರವೀನಿ. ಗಾಡಿ ನಾಕ ಸುತ್ತ ಹೊಡದ್ರ ಕಾಳ ಬಿಡ್ತಾವ."

"ವೈನಿ, ಅಪ್ಪಗ ಗೊತ್ತಾದ್ರ ಇಬ್ರನ್ನೂ ಹೊರಗ ಹಾಕ್ತಾನ."

"ಅವರ ಬರೂದ್ರಾಗ ಮುಗೀತದ. ನಿನ್ನ ಲಗ್ನದ ಎಣ್ಣಿನ ಅದು."

ಮುತ್ಯಾನಿಗೆ ಕಣವೆಂದರೆ ದೇವರ ಜಗಲಿ. ಚಪ್ಪಲಿ ಮೆಟ್ಟಿ ಯಾರೂ ಅಲ್ಲಿ ಕಾಲಿಡುವಂತಿರಲಿಲ್ಲ. ಊರೆಲ್ಲ ಸುತ್ತಿ ಸಗಣಿ, ಸತ್ತ ನಾಯಿ ಎಲ್ಲವನ್ನೂ ತುಳಿದು ಬಂದ ಗಾಲಿಯನ್ನು ಅಲ್ಲಿ ಒಯ್ಯುವುದೆಂದರೆ ಚಿಕ್ಕ ಮಾತಲ್ಲ. ಒಮ್ಮೆ ಒಬ್ಬ ಆಳು ಮೆಟ್ಟು ಹಾಕಿಕೊಂಡು ಬಂದದ್ದಕ್ಕೆ ಮುತ್ಯಾ ಆ ರಾಶಿಯ ಜೋಳವನ್ನೇ ಮನೆಗೆ ಒಯ್ಯಲು ಬಿಟ್ಟಿರಲಿಲ್ಲ. ಅವ್ವ ಅದಕ್ಕೊಂದು ದಾರಿ ಕಂಡುಕೊಂಡಳು. ನಾನು ಕೊಡ ಹಿಡಿದೆ, ಅವಳು ನಾಲ್ಕೂ ಗಾಲಿ ತಿಕ್ಕಿ ತೊಳೆದು, ಒಂದೊಂದಕ್ಕೂ ವಿಭೂತಿ ಹಚ್ಚಿ, ಕೈ ಮುಗಿದಳು. ಆಮೇಲೆ ಕಾಕಾನೂ ನಗುತ್ತ ಚಪ್ಪಲಿ ಬಿಚ್ಚಿಟ್ಟು ಬರಿಗಾಲಲ್ಲಿ ಗಾಡಿ ಹತ್ತಿದ. ನಾನು ಮುಂದಿನ ಸೀಟಿನಲ್ಲಿ. ನಡುಗಂಬದ ಸುತ್ತ ಕಾರು ಗರಗರ ತಿರುಗಿತು, ಕುಸುಬಿ ಚಟಚಟ ಒಡೆಯಿತು, ಹಳದಿ ಹೊಟ್ಟು ಮೋಡದಂತೆ ಎದ್ದು ಗಾಡಿಯನ್ನು ಮುಚ್ಚಿತು. ನಾನು ಅಷ್ಟು ನಕ್ಕದ್ದು ಬಾಲ್ಯದಲ್ಲಿ ಮತ್ತೆ ನೆನಪಿಲ್ಲ. ಸಂಜೆಯ ಹೊತ್ತಿಗೆ ಅವ್ವ ಕಾಳು ತುಂಬಿ, ಕಣ ಗುಡಿಸಿ, ಗಾಲಿಯ ಗುರುತಿನ ಮೇಲೆ ಸಗಣಿ ಸಾರಿಸಿದ್ದಳು. ಕಾಕಾ ಕಾರಿನ ಮೈ ತೊಳೆದು ಒರೆಸಿದ. ಗಾಡಿಯ ಮುಖ ತೊಳೆದ, ಅದರ ಮೂಗಿನೊಳಗೆ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ತಂಬಿಗೆ ಹಿಡಿದು ಹೋಗಿ ನೀರು ಹಾಕಿದ. ನಾನು ಹತ್ತಿರವೇ ನಿಂತು ಹಲ್ಲುಜ್ಜುತ್ತಿದ್ದೆ. ಅವ್ವ ಒಲೆಯ ಮುಂದಿನಿಂದ ಚಹಾಕ್ಕೆ ಕರೆದದ್ದೂ, ಅವನು ಅದೇ ಮಾತು ಹೇಳಿದ್ದೂ ಮನೆಯ ಎಲ್ಲರ ಕಿವಿಗೂ ಬಿದ್ದಿತ್ತು.

ಸಾಕರಪುಡಾಕ್ಕೆಂದು ಸೊಲ್ಲಾಪುರಕ್ಕೆ ಹೊರಟೆವು. ಮುಂದೆ ಕಾಕಾ ಮತ್ತು ಕೋಲು ಹಿಡಿದ ಮುತ್ಯಾ, ಹಿಂದೆ ಅಪ್ಪ, ಅವ್ವ, ನಾನು, ಅವ್ವನ ತೊಡೆಯ ಮೇಲೆ ಎಲೆ, ಅಡಿಕೆ, ಸಕ್ಕರೆಯ ತಟ್ಟೆ. ಅಕ್ಕಲಕೋಟೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಮೇಲೇರಿತು, ಬಾನೆಟ್ಟಿನ ಸಂದಿನಿಂದ ಹಬೆ ಬಂತು. ಕಾಕಾ ಗಾಡಿಯನ್ನು ಬೇವಿನ ನೆರಳಿಗೆ ತಂದು, ಎಂಜಿನ್ ಆರಿಸದೆ ಇಳಿದ. ಅಪ್ಪ ಕಚೇರಿಯ ಗುಮಾಸ್ತ, ಯಾವುದಕ್ಕೂ ಅವನ ಹತ್ತಿರ ಒಂದು ಅಭಿಪ್ರಾಯ ತಯಾರಿರುತ್ತಿತ್ತು. ಬೆಲ್ಟ್ ಸಡಿಲಾಗಿರಬೇಕು ಎಂದ. ಮುತ್ಯಾ ಎಣ್ಣೆ ತೀರಿರಬೇಕು ಎಂದ. ಕಾಕಾ ಬೆಲ್ಟನ್ನು ಬಗ್ಗಿ ನೋಡಿದ, ಅದು ಬಿಗಿಯಾಗಿ ತಿರುಗುತ್ತಿತ್ತು. ಎಣ್ಣೆಯ ಕಡ್ಡಿ ಎಳೆಯುವ ಗೋಜಿಗೆ ಹೋಗಲಿಲ್ಲ. ಮೇಲಿನ ಪೈಪು, ಕೆಳಗಿನ ಪೈಪು ಮುಟ್ಟಿ ಮುಟ್ಟಿ ನೋಡಿದ. ಎರಡೂ ಸುಡುತ್ತಿದ್ದವು, ಅಂದರೆ ನೀರು ಒಳಗೆ ತಿರುಗಾಡುತ್ತಿದೆ, ಆದರೆ ತಣ್ಣಗಾಗುತ್ತಿಲ್ಲ. ಆಗ ಅವನು ಅವ್ವನ ಕಿಟಕಿಯ ಬಳಿ ಬಂದು ಕೈ ಚಾಚಿದ.

"ವೈನಿ, ಒಂದ ಎಲಿ ಕೊಡ್ರಿ."

ತಟ್ಟೆಯಿಂದ ವೀಳ್ಯದೆಲೆ ಒಯ್ದು ರೇಡಿಯೇಟರಿನ ಮುಂದೆ ಹಿಡಿದು ಬಿಟ್ಟ. ಎಲೆ ಅಂಟಲಿಲ್ಲ. ತಿರುಗುತ್ತ ತಿರುಗುತ್ತ ಮಣ್ಣಿಗೆ ಬಿತ್ತು. ಕಾಕಾ ಬೆರಳು ಹಾಕಿ ಏನನ್ನೋ ಕಿತ್ತು ನೋಡಿ ಮುಷ್ಟಿ ಮುಚ್ಚಿಕೊಂಡ. ಮುಷ್ಟಿಯ ಸಂದಿನಲ್ಲಿ ಹಳದಿ ಕಂಡಿತು. ಅವನು ತಲೆ ಎತ್ತಿ ಅವ್ವನನ್ನು ನೋಡಿದ. ಅವ್ವನಿಗೆ ತಿಳಿಯಿತು, ನನಗೂ ತಿಳಿಯಿತು. ಹಿಂದಿನಿಂದ ಜೋರಾಗಿ ಒಂದೆರಡು ಕೊಡ ನೀರು ಹೊಡೆದರೆ ಸಿಕ್ಕಿಕೊಂಡ ಕುಸುಬಿಯ ಹೊಟ್ಟೆಲ್ಲ ಮುಂದೆ ಉದುರಿ, ಗಾಡಿ ಉಸಿರು ತೆಗೆದುಕೊಂಡು, ನಾವು ಮುಹೂರ್ತಕ್ಕೆ ಮೊದಲೇ ಸೊಲ್ಲಾಪುರ ಸೇರುತ್ತಿದ್ದೆವು. ಆದರೆ ಉದುರುವುದು ಮುತ್ಯಾನ ಕಾಲ ಮೇಲೆ. ಮುತ್ಯಾ ಕೋಲೂರಿ ಬಾನೆಟ್ಟಿನ ಮುಂದೆಯೇ ನಿಂತಿದ್ದ. ಕುಸುಬಿಯ ಮುಳ್ಳನ್ನು ಅವನಿಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ.

"ಏನಾಗ್ಯಾದೋ?"

"ಏನಿಲ್ಲಪ್ಪಾ. ಮುಂಜಾನಿ ನೀರ ಹಾಕೂದ ಮರತೆ."

ಮುತ್ಯಾ ನಂಬಿದ. ಅಪ್ಪನೂ ನಂಬಿದ. ಕಾಕಾ ಎಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಕುದ್ದು ಚೆಲ್ಲಿದ್ದಷ್ಟು ನೀರು ತುಂಬಿದ. ಅದು ವಳಸಂಗದವರೆಗೆ ಸಾಕಾಯಿತು. ಅಲ್ಲಿ ಮತ್ತೆ ಹಬೆ, ಮತ್ತೆ ಕಾಯುವುದು. ಬಿಸಿಲು ನೆತ್ತಿಗೆ ಬಂದಿತ್ತು. ಮುತ್ಯಾ ಬೈಯುತ್ತಲೇ ಇದ್ದ, ಕಾಕಾ ತಲೆ ತಗ್ಗಿಸಿ ಕೇಳುತ್ತಲೇ ಇದ್ದ. ಅವ್ವನ ತಟ್ಟೆಯ ಎಲೆಗಳು ಬಾಡಿ ಅಂಚು ಮುದುಡತೊಡಗಿದ್ದವು. ಇದ್ದಕ್ಕಿದ್ದಂತೆ ಅವಳು ನನ್ನ ಮೊಣಕೈ ಹಿಡಿದಳು.

"ಸಾವಿ, ಮುತ್ಯಾಗ ಹೇಳು…"

ನಾನು ತಿರುಗಿ ಅವಳ ಮುಖ ನೋಡಿದೆ. ಈಗ ಹೇಳುತ್ತಾಳೆ ಎಂದುಕೊಂಡೆ. ಕಿಟಕಿಯಾಚೆ ಕಾಕಾ ಕೂಡ ನೀರಿನ ಡಬ್ಬಿ ಹಿಡಿದವನು ಹಾಗೆಯೇ ನಿಂತ. ಮುತ್ಯಾ ಪದ್ಧತಿಯಂತೆ ಬೇರೆಲ್ಲೋ ನೋಡುತ್ತ ನನ್ನ ಬಾಯಿಗಾಗಿ ಕಾದ. ಅವ್ವನ ತುಟಿ ಅಲುಗಿತು, ಆಮೇಲೆ ಅವಳು ಸೆರಗು ಎಳೆದುಕೊಂಡಳು.

"…ಬಿಸಲಾಗ ನಿಂದರಬ್ಯಾಡ್ರಿ, ಒಳಗ ಕೂಡ್ರಿ ಅಂತ."

ನಾನು ಅದನ್ನೇ ಒಪ್ಪಿಸಿದೆ. "ಮುತ್ಯಾ, ಬಿಸಲಾಗ ನಿಂದರಬ್ಯಾಡಂತ, ಒಳಗ ಕೂಡಂತ." ಕಾಕಾ ಡಬ್ಬಿ ಬಗ್ಗಿಸಿ ನೀರು ಹುಯ್ಯತೊಡಗಿದ. ಕುಂಭಾರಿಯ ಹತ್ತಿರ ಗಾಡಿ ಮೂರನೆಯ ಸಲ ಕುದಿಯಿತು.

ನಾವು ಮುಟ್ಟಿದಾಗ ಆ ಮನೆಯ ಚಪ್ಪರದಡಿ ಊಟ ಮುಗಿಸಿದ ಬೀಗರು ಹಲ್ಲು ಚುಚ್ಚುತ್ತ ಕುಳಿತಿದ್ದರು. ಮುಹೂರ್ತ ತಪ್ಪಿತ್ತು, ಆದರೆ ಅದು ದೊಡ್ಡದಾಗುತ್ತಿರಲಿಲ್ಲ, ಇನ್ನೊಂದು ಸಿಗುತ್ತಿತ್ತು. ಯಾಕೆ ತಡವಾಯಿತೆಂದು ಕೇಳಿದ್ದಕ್ಕೆ ಮುತ್ಯಾ ಸಿಟ್ಟಿನಲ್ಲಿ, ನನ್ನ ಮಗ ಗಾಡಿಗೆ ನೀರು ಹಾಕುವುದನ್ನೇ ಮರೆತ ಎಂದುಬಿಟ್ಟ. ಹುಡುಗಿಯ ಅಪ್ಪ ಕಾಕಾನನ್ನು ಬಹಳ ಹೊತ್ತು ನೋಡಿದರು. ತಾವು ಮೆಚ್ಚಿದ್ದೇ ಆ ಒಂದು ಗುಣ, ಅದೇ ಇಲ್ಲವೆಂದ ಮೇಲೆ ಏನು ಮಾತು ಎನ್ನುವ ಹಾಗಿತ್ತು ಆ ನೋಟ. ಮಾತು ಮುಂದೆ ನೋಡೋಣ ಎಂದು ನಿಂತಿತು, ನಿಂತದ್ದು ನಿಂತೇ ಹೋಯಿತು. ಒಳಗಿನ ಬಾಗಿಲಲ್ಲಿ ಹಸಿರು ಸೀರೆಯ ಒಂದು ಅಂಚು ಕಂಡು ಮರೆಯಾದದ್ದು ನನಗೆ ನೆನಪಿದೆ. ಊರಿಗೆ ಬಂದಿಳಿದ ಕೂಡಲೇ ಮುತ್ಯಾ ಕೈ ನೀಡಿದ.

"ಚಾವಿ ಕೊಡು. ನೀರ ಕುಡಸೂದ ಮರಿಯಾಂವ ನಾಳಿ ಎತ್ತಿಗೂ ಮರೀತಾನ."

ಮರುದಿನ ಕೊಟ್ಟಿಗೆಯಲ್ಲಿ ಕಾಕಾ ಬಾನೆಟ್ ಎತ್ತಿ, ಫ್ಯಾನಿನ ಕಡೆಯಿಂದ ಕೊಡ ಕೊಡ ನೀರು ಹೊಡೆದ. ಹೊಟ್ಟು ಕೆಸರಾಗಿ ಮುಂದೆ ಸುರಿಯಿತು. ಸಣ್ಣ ಕಡ್ಡಿಯಿಂದ ರೇಡಿಯೇಟರಿನ ಹಲ್ಲುಹಲ್ಲಿನ ಸಂದಿಯನ್ನೂ ಬಿಡಿಸಿದ. ಅವ್ವ ಪೊರಕೆ ತಂದು ಆ ಕೆಸರನ್ನು ಬಳಿದು ತಿಪ್ಪೆಗೆ ಒಯ್ದಳು. ಕಾಕಾ ಇನ್ನೊಂದು ಎಲೆ ಹಿಡಿದು ನೋಡಬೇಕೆಂದರೆ ಚಾವಿ ಮುತ್ಯಾನ ಉಡಿದಾರದಲ್ಲಿತ್ತು. ಸುಗ್ಗಿ ಮುಗಿಯುವುದರೊಳಗೆ ಕಾರು ಬೇರೆಯವರ ಮನೆ ಸೇರಿತು, ಕಾಕಾ ನೇಗಿಲ ಹಿಂದೆ ಹೋದ.

ಮುಂದೆ ಅವನಿಗೆ ಮದುವೆಯಾಯಿತು. ಚಪಳಗಾಂವದಿಂದ ಬಂದ ಕಾಕು ಒಳ್ಳೆಯವಳು, ಕಾಕಾ ಅವಳೊಂದಿಗೆ ಸುಖವಾಗಿಯೇ ಬಾಳಿದ. ಇದರಿಂದ ಅವ್ವನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅವಳು ಅವನ ತಟ್ಟೆ ತುಂಬುವುದನ್ನೇ ಹಿಡಿದಳು. ಒಲೆಯಿಂದ ಇಳಿದ ಮೊದಲ ರೊಟ್ಟಿ ಗುರುಪಾದನಿಗೆ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿಯ ಮೇಲಿನ ಎಣ್ಣೆ ಗುರುಪಾದನಿಗೆ, ತುಪ್ಪ ಅವನಿಗೆ ಮೊದಲು, ಅಪ್ಪನಿಗೆ ಆಮೇಲೆ. ಅವನು ಕೇಳುವ ಮೊದಲೇ ಹಾಕುತ್ತಿದ್ದಳು, ಸಾಕೆಂದರೂ ಹಾಕುತ್ತಿದ್ದಳು. ಕಾಕಾ ಎಂದೂ ಒಂದು ರೊಟ್ಟಿ ಕೇಳಿದ್ದನ್ನು ನಾನು ಕೇಳಿಲ್ಲ. ತಲೆ ತಗ್ಗಿಸಿ, ಬಿದ್ದದ್ದನ್ನು ತಿಂದು ಏಳುತ್ತಿದ್ದ. ಇದನ್ನು ನೋಡಿ ನೋಡಿ ಕಾಕು ಒಂದು ದಿನ ಲಟ್ಟಣಿಗೆ ಎಸೆದಳು. ತನ್ನ ಗಂಡನಿಗೆ ಬಡಿಸಲು ತನಗೇ ಜಾಗವಿಲ್ಲದ ಮನೆ ಇದು ಎಂದು ಅತ್ತಳು. ಅವಳು ಹೇಳಿದ್ದು ನಿಜವಿತ್ತು. ಕಾರಣ ಗೊತ್ತಿದ್ದ ಮೂವರೂ ಸುಮ್ಮನಿದ್ದೆವು. ತಪ್ಪು ಮಾಡಿದರೆ ಊಟ ಹಾಕಬೇಕು, ಮಾತು ಆಡಬಾರದು ಎಂಬ ಪಾಠ ನನ್ನ ಮೈಗೆ ಹತ್ತಿದ್ದು ಆ ಅಡುಗೆಮನೆಯಲ್ಲಿ. ನನ್ನ ಮಕ್ಕಳ ಮೇಲೆ, ಗಂಡನ ಮೇಲೆ ಸುಮ್ಮನೆ ಸಿಟ್ಟು ಮಾಡಿದ ದಿನ ನಾನು ಇವತ್ತಿಗೂ ಹೋಳಿಗೆ ಮಾಡುತ್ತೇನೆ. ನಮ್ಮ ಮನೆಯವರಿಗೆ ಹೋಳಿಗೆಯ ವಾಸನೆ ಬಂದರೆ ಏನೋ ಆಗಿದೆ ಎಂದು ತಿಳಿಯುತ್ತದೆ.

ಇದನ್ನೆಲ್ಲ ಬರೆಯುವಂತೆ ಮಾಡಿದ್ದು ಕಳೆದ ತಿಂಗಳ ಒಂದು ಪ್ರಯಾಣ. ಮುತ್ಯಾ, ಅಪ್ಪ ಈಗಿಲ್ಲ. ಅವ್ವ ನನ್ನೊಂದಿಗೆ ಸೊಲ್ಲಾಪುರದಲ್ಲಿದ್ದಾಳೆ, ಕೈ ನಡುಗಿದರೂ ರೊಟ್ಟಿ ತಾನೇ ಬಡಿಯುತ್ತಾಳೆ. ಕಾಕಾನ ಕಣ್ಣು ತೋರಿಸಲೆಂದು ಕರಜಗಿಗೆ ಹೋಗಿ ಅವನನ್ನು ನನ್ನ ಕಾರಿನಲ್ಲಿ ಕರೆತರುತ್ತಿದ್ದೆ. ಅದೇ ವಳಸಂಗದ ಹತ್ತಿರ ನನ್ನ ಗಾಡಿಯಲ್ಲಿ ಬಿಸಿ ತೋರಿಸುವ ಕೆಂಪು ದೀಪ ಹತ್ತಿತು. ನಾನು ಗಡಬಡಿಸಿ ಗಾಡಿಯನ್ನು ಬದಿಗೆ ನಿಲ್ಲಿಸಿದೆ. ಕಾಕಾ ಮಾತ್ರ ಹಬ್ಬಕ್ಕೆ ಕರೆದಂತೆ ಇಳಿದ. ರಸ್ತೆ ಬದಿಯ ಬೇವಿನ ಎಲೆ ಕಿತ್ತು, ಬಾನೆಟ್ ಎತ್ತಿಸಿ, ಕಣ್ಣು ಕಿರಿದು ಮಾಡಿ, ಸಂದಿಯೊಳಗೆ ಇಳಿಬಿಟ್ಟ. ಎಲೆ ಟಪ್ ಎಂದು ಅಂಟಿತು.

"ಉಸರ ಚಲೋ ಅದ. ಆರಸು. ನೀರ ಎಲ್ಲೋ ಸೋರಾಕತ್ತದ."

ಕೈಯಾಡಿಸಿ ಹುಡುಕಿ, ಕೆಳಗಿನ ಪೈಪಿನ ಬಾಯಿಗೆ ಹಾಕಿದ ಪಟ್ಟಿ ಸಡಿಲಾಗಿ ತೇವವಾಗಿರುವುದನ್ನು ತೋರಿಸಿದ. ತಣ್ಣಗಾಗುವವರೆಗೂ ಮುಚ್ಚಳ ಮುಟ್ಟಗೊಡಲಿಲ್ಲ. ಆಮೇಲೆ ನನ್ನಿಂದ ಪಟ್ಟಿಯನ್ನು ಬಿಗಿ ಮಾಡಿಸಿ, ಬಾಟಲಿಯ ನೀರು ತುಂಬಿಸಿದ. ಕಾಯುವ ಹೊತ್ತಿನಲ್ಲಿ ನಾನು ಬಾಯಿ ಬಿಟ್ಟೆ. ಅವತ್ತು ಅವ್ವನಿಗಾಗಿ ನೀನು ಎಷ್ಟು ದೊಡ್ಡ ಮನಸ್ಸು ಮಾಡಿದೆ ಎಂದೆ. ಕಾಕಾ ನಗಲಿಲ್ಲ.

"ಕಣದ ಮಾತ ತಿಳದಿದ್ರ ನಿಮ್ಮ ಮುತ್ಯಾ ವೈನೀನ ತವರಿಗಿ ಕಳಸ್ತಿದ್ದ. ಅದಕ್ಕ ಹಂಗ ಅಂದೆ. ಅಂದಿದ್ದಕ್ಕ ದುಃಖ ಇಲ್ಲ. ರೇಡಿಯೇಟರ್ ನೋಡದ ಇದ್ದದ್ದು ನಂದೂ ತಪ್ಪ. ಆದ್ರ ಸಾವಿ, ನಾ ನೀರ ಮರತೆ ಅಂದ್ರ ಎಲ್ಲಾರೂ ನಂಬಿದ್ರಲ್ಲ?"

"ನಾವು ನಂಬಲಿಲ್ಲ ಕಾಕಾ. ನನಗ, ಅವ್ವಗ ಗೊತ್ತಿತ್ತು."

"ಹೌದು, ಗೊತ್ತಿತ್ತು. ಕುಸುಬಿ ಮಾತ ಬ್ಯಾಡಾಗಿತ್ತವ್ವ. ಗುರುಪಾದ ನೀರ ಮರಿಯಾಂವ ಅಲ್ಲ, ಅಷ್ಟ ಅನ್ನಬೇಕಿತ್ತು ಒಬ್ರು. ಇಲ್ಲೇ ನಿಂತು ಕಾದೆ. ಆ ಮನ್ಯಾಗ ಚಪ್ಪರದಾಗ ನಿಂತು ಕಾದೆ. ವೈನಿ ಇಷ್ಟ ವರ್ಷ ರೊಟ್ಟಿ ಹಾಕಿದ್ರು. ಆ ಒಂದ ಮಾತ ಹಾಕಲಿಲ್ಲ."

ಇಷ್ಟು ವರ್ಷ ನಮ್ಮ ಮೌನವನ್ನು ನಾನು ಅವ್ವನನ್ನು ಕಾಪಾಡಿದ ಮೌನ ಎಂದುಕೊಂಡಿದ್ದೆ. ಯಾರಿಗೂ ಕೇಡಾಗದ ಒಂದು ಮಾತು ಅಲ್ಲೇ ಇತ್ತು, ಒಂಬತ್ತು ವರ್ಷದ ನಾನೂ ಅದನ್ನು ಆಡಬಹುದಿತ್ತು ಎಂಬುದು ಹೊಳೆದೇ ಇರಲಿಲ್ಲ.

ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ಸಿದ್ಧವಾಗಿದ್ದಳು. ಕಾಕಾ ಕುಳಿತ ಕೂಡಲೇ ಮೊದಲ ರೊಟ್ಟಿ, ಹಿಂಡಿ, ತುಪ್ಪದ ಚಮಚ. ಗಾಡಿ ಬಿಸಿಯಾಗಿ ತಡವಾಯಿತೆಂದೆ. ಕಾಕಾ ಹೇಳಿದ್ದನ್ನೂ ಮೆತ್ತಗೆ ಮಾಡದೆ, ಇದ್ದ ಹಾಗೆ ಅವನ ಎದುರೇ ಹೇಳಿದೆ. ಚಮಚ ಗಾಳಿಯಲ್ಲೇ ನಿಂತಿತು. ಕಾಕಾ ತಟ್ಟೆ ನೋಡುತ್ತಿದ್ದ. ಅವ್ವ ತುಪ್ಪವನ್ನು ಡಬ್ಬಿಗೆ ವಾಪಸು ಸುರಿದಳು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡದ್ದನ್ನು ನಾನು ಎಷ್ಟೋ ವರ್ಷಗಳ ಮೇಲೆ ನೋಡಿದೆ. ಮೈದುನನೊಂದಿಗೆ ಸದಾ ನೇರ ಮಾತಾಡುತ್ತಿದ್ದವಳು ಈಗ ಅವನ ಕಡೆ ತಿರುಗದೆ, ಒಲೆಯ ಮೇಲಿನ ಹಂಚು ನೋಡುತ್ತ ನನ್ನನ್ನು ಕರೆದಳು.

"ಸಾವಿ, ಕಾಕಾಗ ಹೇಳು… ಗುರುಪಾದ ನೀರ ಮರಿಯಾಂವ ಅಲ್ಲಂತ. ಕುಸುಬಿ ನಂದಿತ್ತಂತ."

ಕಾಕಾ ಕೈಗೆಟುಕುವಷ್ಟು ಹತ್ತಿರದಲ್ಲಿದ್ದ. ಆದರೂ ಅವನು ಗೋಡೆ ನೋಡುತ್ತ, ನನ್ನ ಬಾಯಿಗಾಗಿ ಕಾದ.

"ಕಾಕಾ, ನೀ ನೀರ ಮರಿಯಾಂವ ಅಲ್ಲ. ಕುಸುಬಿ ಅವ್ವಂದಿತ್ತು. ನಾ ಕೊಡ ಹಿಡಿದಿದ್ದೆ."

ಕಾಕಾ ತಲೆಯಾಡಿಸಿದ. ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮುರಿದು ನಿಧಾನವಾಗಿ ತಿಂದು ಮುಗಿಸಿದ. ಅವ್ವ ಹೆದರಿ ಇನ್ನೊಂದು ಹಾಕಲಿಲ್ಲ. ಆಗ ಅವನು ಖಾಲಿ ತಟ್ಟೆಯನ್ನು ಮುಂದಕ್ಕೆ ಸರಿಸಿದ.

"ವೈನಿ, ಇನ್ನೊಂದ ರೊಟ್ಟಿ ಹಾಕ್ರಿ."